ರೆಸಿನ್‌ನಲ್ಲಿ ಬಣ್ಣದ ಸುಳಿ: ದಾವಣಗೆರೆ ಬಿಸಿಲಲ್ಲಿ ಕೆಸರಾಗದ ಹಾಗೆ ಸುರಿಯುವುದು ಹೇಗೆ

ಒಂದೇ ಅಚ್ಚಿಗೆ ಮೂರ್ನಾಲ್ಕು ಬಣ್ಣದ ರೆಸಿನ್ (ಸುರಿದ ಮೇಲೆ ಗಟ್ಟಿಯಾಗುವ ಪ್ಲಾಸ್ಟಿಕ್‌ನಂಥ ದ್ರವ) ಸುರಿದು ಚೆಂದದ ಸುಳಿ ಬರಿಸಬೇಕು ಎಂದು ಕೂತವರಿಗೆ ಮಾರನೇ ದಿನ ಸಿಗುವುದು ಸಾಮಾನ್ಯವಾಗಿ ಎರಡರಲ್ಲಿ ಒಂದು. ಒಂದೋ ಎಲ್ಲ ಬಣ್ಣ ಕಲಸಿಹೋಗಿ ಕೆಸರು. ಇಲ್ಲಾ, ಬಣ್ಣ ಬೇರೆಬೇರೆ ಉಳಿದಿರುತ್ತವೆ, ಆದರೆ ಮೇಲೆಲ್ಲ ಏರುಪೇರು, ಒಳಗೆಲ್ಲ ಗುಳ್ಳೆ. ಮೊದಲನೆಯದು ಬೇಗ ಸುರಿದದ್ದಕ್ಕೆ, ಎರಡನೆಯದು ತಡವಾಗಿ ಸುರಿದದ್ದಕ್ಕೆ. ಕಡ್ಡಿ ಹೇಗೆ ತಿರುಗಿಸಬೇಕು ಎಂದೇ ಎಲ್ಲರೂ ತಲೆ ಕೆಡಿಸಿಕೊಳ್ಳುತ್ತಾರೆ. ಅಸಲಿ ಕೆಲಸ ಇರುವುದು ಯಾವಾಗ ಸುರಿಯಬೇಕು ಎನ್ನುವುದರಲ್ಲಿ.

ಈ 'ಯಾವಾಗ' ಎನ್ನುವುದು ನಮ್ಮ ಕಡೆ ಬೇರೆ. ವಿಡಿಯೋದಲ್ಲಿ ಎಲ್ಲೋ 22 ಡಿಗ್ರಿಯ ಎಸಿ ರೂಮಿನಲ್ಲಿ ಕೂತವರು 'ಹತ್ತು ನಿಮಿಷ ಬಿಡಿ, ಆಮೇಲೆ ಸುರಿಯಿರಿ' ಎನ್ನುತ್ತಾರೆ. ಅದನ್ನೇ ನಂಬಿಕೊಂಡು ಏಪ್ರಿಲ್ ಮಧ್ಯಾಹ್ನ ದಾವಣಗೆರೆಯ ಒಂದು ಆರ್‌ಸಿಸಿ ಮನೆಯ ಮಹಡಿ ರೂಮಿನಲ್ಲಿ ಹತ್ತು ನಿಮಿಷ ಬಿಟ್ಟರೆ ಕಪ್ ಸಮೇತ ಕಲ್ಲಾಗಿರುತ್ತದೆ, ಅದೂ ಅದೃಷ್ಟ ಸರಿ ಇಲ್ಲದಿದ್ದರೆ ಹೊಗೆ ಬೇರೆ. ಹಾಗಾಗಿ ಗಡಿಯಾರ ನೋಡುವುದನ್ನು ಬಿಟ್ಟು ರೆಸಿನ್ ನೋಡುವುದನ್ನು ಕಲಿಯೋಣ. ನಾನು ಹೇಳುತ್ತಿರುವುದು ರೆಸಿನ್ ಮತ್ತು ಅದನ್ನು ಗಟ್ಟಿ ಮಾಡುವ ಹಾರ್ಡನರ್ ಎಂದು ಎರಡು ಬಾಟಲಿಯಲ್ಲಿ ಬರುವ ಎಪಾಕ್ಸಿ ಬಗ್ಗೆ. ಕೋಸ್ಟರ್, ಟ್ರೇ, ಕೀಚೈನ್, ನೇಮ್ ಪ್ಲೇಟ್ ಮಾಡುವವರು ಹೆಚ್ಚಾಗಿ ಬಳಸುವುದು ಇದನ್ನೇ.

ಮೊದಲು ಹೊತ್ತು ನೋಡಿಕೊಳ್ಳಿ

ಬಿಸಿ ರೆಸಿನ್‌ಗೆ ಎರಡು ಕೆಲಸ ಮಾಡುತ್ತದೆ. ಮೊದಲು ಅದನ್ನು ತೆಳ್ಳಗೆ ಮಾಡುತ್ತದೆ, ನೀರಿನ ಹಾಗೆ ಓಡುತ್ತದೆ, ಆ ಹೊತ್ತಿಗೆ ಸುರಿದರೆ ಬಣ್ಣಗಳು ಒಂದರೊಳಗೊಂದು ನುಗ್ಗುತ್ತವೆ. ಆಮೇಲೆ ಅದೇ ಬಿಸಿ ಗಟ್ಟಿಯಾಗುವ ಕ್ರಿಯೆಯನ್ನು ಓಡಿಸುತ್ತದೆ, ತೆಳ್ಳಗಿದ್ದದ್ದು ನೋಡನೋಡುತ್ತಾ ಬಿಗಿಯುತ್ತದೆ. ನಡುವೆ ಸುಳಿಗೆ ಹೇಳಿಮಾಡಿಸಿದ ಹದ ಒಂದಿದೆಯಲ್ಲ, ಅದು ಬೇಸಿಗೆಯಲ್ಲಿ ಎರಡು ಮೂರು ನಿಮಿಷಕ್ಕಿಂತ ಜಾಸ್ತಿ ನಿಲ್ಲುವುದಿಲ್ಲ. ಸಾಮಾನ್ಯ ಲೆಕ್ಕ ಏನೆಂದರೆ, 10 ಡಿಗ್ರಿ ಬಿಸಿ ಏರಿದರೆ ಕೆಲಸ ಮಾಡಲು ಸಿಗುವ ಸಮಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಬಾಟಲಿ ಮೇಲೆ 25 ಡಿಗ್ರಿಯಲ್ಲಿ 40 ನಿಮಿಷ ಎಂದು ಬರೆದಿದ್ದರೆ, 35 ಡಿಗ್ರಿಯಲ್ಲಿ ನಿಮಗೆ ಸಿಗುವುದು ಸುಮಾರು 20 ನಿಮಿಷ, ಅದರಲ್ಲಿ ಕಲಸುವುದಕ್ಕೂ ಬಣ್ಣ ಹಾಕುವುದಕ್ಕೂ ಹತ್ತು ನಿಮಿಷ ಹೋಯಿತು.

ಆದ್ದರಿಂದ ಮಾರ್ಚ್‌ನಿಂದ ಮೇ ತನಕ ಬೆಳಿಗ್ಗೆ ಆರಕ್ಕೆ ಎದ್ದು ಕೂರಿ. ಎಂಟರೊಳಗೆ ಸುರಿದು ಮುಗಿಸಿ ಬೆಣ್ಣೆ ದೋಸೆಗೆ ಹೋಗಬಹುದು. ಬಾಟಲಿಗಳನ್ನು ಹಿಂದಿನ ರಾತ್ರಿಯೇ ನೆಲದ ಮೇಲೆ, ತಂಪಿರುವ ಮೂಲೆಯಲ್ಲಿ ಇಡಿ, ಮೇಲಿನ ಸಜ್ಜಾದಲ್ಲಿ ಬೇಡ. ಫ್ರಿಜ್ಜಿನಲ್ಲಂತೂ ಇಡಲೇಬೇಡಿ. ಹೊರಗೆ ತೆಗೆದ ತಕ್ಷಣ ತೇವ ಕೂರುತ್ತದೆ, ರೆಸಿನ್‌ಗೂ ನೀರಿಗೂ ಆಗಿಬರುವುದಿಲ್ಲ.

ಡಿಸೆಂಬರ್, ಜನವರಿಯಲ್ಲಿ ಉಲ್ಟಾ. ಬೆಳಿಗ್ಗೆ ರೆಸಿನ್ ಬಾಟಲಿಯಿಂದ ಇಳಿಯುವುದೇ ಇಲ್ಲ, ಕಲಸಿದರೆ ಸಾವಿರ ಗುಳ್ಳೆ ಹಿಡಿದಿಟ್ಟುಕೊಳ್ಳುತ್ತದೆ. ಆಗ ಮಧ್ಯಾಹ್ನ ಹನ್ನೆರಡರ ಮೇಲೆ ಮಾಡಿ, ಮುಚ್ಚಳ ಬಿಗಿ ಮಾಡಿದ ರೆಸಿನ್ ಬಾಟಲಿಯನ್ನು ಬೆಚ್ಚಗಿನ ನೀರಿನಲ್ಲಿ ಹತ್ತು ಹದಿನೈದು ನಿಮಿಷ ನಿಲ್ಲಿಸಿ, ಹೊರಗೆ ತೆಗೆದು ಚೆನ್ನಾಗಿ ಒರೆಸಿ ಆಮೇಲೆ ತೆರೆಯಿರಿ. ಚಳಿಗೆ ರೆಸಿನ್‌ನಲ್ಲಿ ಬಿಳಿ ಹರಳು ಕಟ್ಟಿದ್ದರೂ ಇದೇ ಉಪಾಯ, ನೀರು ಸ್ವಲ್ಪ ಜಾಸ್ತಿ ಬಿಸಿ ಇರಲಿ, ಹರಳು ಪೂರ್ತಿ ಕರಗುವವರೆಗೆ ಬಿಡಿ.

ಗೋಡೆಗೆ ಒಂದು ಸಣ್ಣ ಥರ್ಮಾಮೀಟರ್ ನೇತುಹಾಕಿ. ಇಂಥ ಬಿಸಿಯಲ್ಲಿ ಎಷ್ಟು ಹೊತ್ತಿಗೆ ಹದ ಬಂತು ಎಂದು ಒಂದು ನೋಟ್‌ಬುಕ್‌ನಲ್ಲಿ ಬರೆದಿಡುತ್ತಾ ಹೋದರೆ, ಯಾರ ವಿಡಿಯೋವೂ ಬೇಕಾಗುವುದಿಲ್ಲ.

ಸಾಮಾನು, ಚುಟುಕಾಗಿ

ಒಂದೊಂದು ಗ್ರಾಂ ವ್ಯತ್ಯಾಸವನ್ನೂ ತೋರಿಸುವ ಡಿಜಿಟಲ್ ತಕ್ಕಡಿ, ಅಗಲ ಬಾಯಿಯ ಪ್ಲಾಸ್ಟಿಕ್ ಕಪ್‌ಗಳು, ಐಸ್‌ಕ್ರೀಂ ಕಡ್ಡಿ, ಒಂದೆರಡು ಬಿದಿರು ಕಡ್ಡಿ, ಟಿಶ್ಯೂ, ಸಿಲಿಕೋನ್ ಅಚ್ಚು, ಮಟ್ಟ ನೋಡಲು ಗಾರೆ ಕೆಲಸದವರ ಸ್ಪಿರಿಟ್ ಲೆವೆಲ್. ಫೋನಿನಲ್ಲಿರುವ ಲೆವೆಲ್ ಆಪ್ ಕೂಡ ಆಗುತ್ತದೆ. ಟೇಬಲ್ ವಾಲಿದ್ದರೆ ನೀವು ಎಷ್ಟೇ ಚೆಂದ ಸುಳಿ ಬರೆದರೂ ಅದು ರಾತ್ರಿಯೆಲ್ಲ ಒಂದೇ ಕಡೆ ಜಾರಿ ಮೂಲೆಯಲ್ಲಿ ಹೋಗಿ ಕೂರುತ್ತದೆ. ರಟ್ಟಿನ ಚೂರು ಅಡಿಗಿಟ್ಟು ಸರಿಮಾಡಿಕೊಳ್ಳಿ.

ಕೈಗೆ ನೈಟ್ರೈಲ್ ಗ್ಲೌಸ್ ಕಡ್ಡಾಯ. ಹಾರ್ಡನರ್ ಚರ್ಮಕ್ಕೆ ಪದೇ ಪದೇ ತಗುಲಿದರೆ ಅಲರ್ಜಿ ಹಿಡಿಯುತ್ತದೆ, ಒಮ್ಮೆ ಹಿಡಿದರೆ ಆಮೇಲೆ ಬಾಟಲಿ ತೆರೆದರೂ ಕೆರೆತ ಶುರು. ಕೈಗೆ ಅಂಟಿದರೆ ಥಿನ್ನರ್ ಹಚ್ಚಿ ಉಜ್ಜಬೇಡಿ, ಅದು ರೆಸಿನ್ನನ್ನು ಕರಗಿಸಿ ಇನ್ನೂ ಒಳಗೆ ಇಳಿಸುತ್ತದೆ. ಒಣ ಟಿಶ್ಯೂನಿಂದ ಒರೆಸಿ, ಸೋಪು ಹಾಕಿ ತೊಳೆಯಿರಿ. ಮೈಕಾ ಪೌಡರ್ (ಮಿನುಗುವ ಬಣ್ಣದ ಪುಡಿ) ಡಬ್ಬಿ ತೆರೆಯುವಾಗ ಮಾಸ್ಕ್ ಇರಲಿ. ಆದರೆ ಧೂಳಿನ ಮಾಸ್ಕ್ ರೆಸಿನ್ ವಾಸನೆಯನ್ನು ತಡೆಯುವುದಿಲ್ಲ, ಅದಕ್ಕೆ ಗಾಳಿ ಆಡುವ ರೂಮೇ ಬೇಕು. ಅಡುಗೆಮನೆ ಈ ಕೆಲಸಕ್ಕಲ್ಲ, ಮಕ್ಕಳು ಮಲಗುವ ರೂಮೂ ಅಲ್ಲ.

ಬಣ್ಣ: ಯಾವುದರ ಪಕ್ಕ ಯಾವುದು

ಸುಳಿಯಲ್ಲಿ ಬಣ್ಣಗಳು ಅಂಚಿನಲ್ಲಿ ಸ್ವಲ್ಪವಾದರೂ ಬೆರೆತೇ ಬೆರೆಯುತ್ತವೆ. ಹಾಗಾಗಿ ನೋಡಬೇಕಾದದ್ದು ಎರಡು ಬಣ್ಣ ಪಕ್ಕಪಕ್ಕ ಚೆನ್ನಾಗಿ ಕಾಣುತ್ತವಾ ಎಂದಲ್ಲ, ಬೆರೆತರೆ ಏನಾಗುತ್ತದೆ ಎಂದು. ನೀಲಿ ಹಳದಿ ಬೆರೆತರೆ ಹಸಿರು, ಪರವಾಗಿಲ್ಲ. ನೀಲಿ ಮತ್ತು ಗುಲಾಬಿ ಬೆರೆತರೆ ನೇರಳೆ, ಚೆಂದ. ಕೆಂಪು ಹಸಿರು ಬೆರೆತರೆ ಕಂದು. ನೇರಳೆ ಹಳದಿ, ಕಿತ್ತಳೆ ನೀಲಿ ಬೆರೆತರೂ ಅದೇ ಗತಿ. ಮೊದಲ ಸಲ ಮಾಡುವವರು ಕಡುನೀಲಿ, ನವಿಲು ಹಸಿರು, ಬಿಳಿ, ಚಿನ್ನ ಈ ನಾಲ್ಕರಲ್ಲಿ ಶುರು ಮಾಡಿ. ಹೇಗೆ ಬೆರೆತರೂ ಕೆಡುವುದಿಲ್ಲ.

ಕೆಡುವ ಜೋಡಿಯೇ ಬೇಕು ಎಂದು ಕೇಳುವವರೂ ಇದ್ದಾರೆ. ಮೊಳಕಾಲ್ಮೂರು ರೇಷ್ಮೆ ಸೀರೆಯನ್ನೇ ತಂದು ಟೇಬಲ್ ಮೇಲೆ ಹರವಿದರು ಒಬ್ಬರು, ಕೆಂಪು ಒಡಲು, ಹಸಿರು ಅಂಚು. "ಇದೇ ಬಣ್ಣದಾಗ ಒಂದು ಟ್ರೇ ಮಾಡಿಕೊಡ್ರಿ, ಮಗಳ ಸೀಮಂತಕ್ಕೆ ಬೇಕು" ಎಂದರು. "ಅಕ್ಕಾ, ಸೀರೆಯಲ್ಲಿ ಎಳೆ ಎಳೆ ಬೇರೆ ಇರುತ್ತವೆ. ಇದರಲ್ಲಿ ಎರಡೂ ಕಲಸಿಕೊಂಡರೆ ಮಣ್ಣಿನ ಬಣ್ಣ ಬರುತ್ತದೆ" ಎಂದೆ. "ಅದೆಲ್ಲ ನಂಗೊತ್ತಿಲ್ರೀ, ನೀವು ಹೆಂಗಾದ್ರೂ ಮಾಡ್ರಿ" ಎಂದು ಸೀರೆ ಮಡಚಿಕೊಂಡು ಹೊರಟೇಬಿಟ್ಟರು. ಇಂಥದ್ದಕ್ಕೆ ಇರುವ ದಾರಿ ನಡುವೆ ಗೋಡೆ ಕಟ್ಟುವುದು. ಕೆಂಪಿಗೂ ಹಸಿರಿಗೂ ಮಧ್ಯೆ ಒಂದು ಬೆರಳಗಲ ಚಿನ್ನದ ಬಣ್ಣ ಸುರಿಯಿರಿ, ಕಡ್ಡಿಯನ್ನು ಕೆಂಪಿನಿಂದ ಚಿನ್ನಕ್ಕೆ ಎಳೆಯಿರಿ, ಹಸಿರಿನಿಂದ ಚಿನ್ನಕ್ಕೆ ಎಳೆಯಿರಿ, ಕೆಂಪಿನಿಂದ ಹಸಿರಿಗೆ ಮಾತ್ರ ಎಳೆಯಬೇಡಿ. ಚಿನ್ನ, ಬಿಳಿ, ಕಪ್ಪು ಈ ಮೂರೂ ಗೋಡೆಗೆ ಒಳ್ಳೆಯವು. ಸೀರೆಗೆ ಜರಿ ಇರುವ ಹಾಗೆ ಟ್ರೇಗೂ ಚಿನ್ನ ಒಪ್ಪುತ್ತದೆ, ಅಕ್ಕನಿಗೂ ಒಪ್ಪಿಗೆಯಾಯಿತು.

ಇನ್ನು ಬಣ್ಣದ ಜಾತಿ. ಪಿಗ್ಮೆಂಟ್ ಪೇಸ್ಟ್ ಗಟ್ಟಿ ಬಣ್ಣ ಕೊಡುತ್ತದೆ, ಆಚೆ ಕಾಣುವುದಿಲ್ಲ. ಮೈಕಾ ಪೌಡರ್ ಮಿನುಗುತ್ತದೆ. ಅದರ ಸಣ್ಣ ಸಣ್ಣ ಹಾಳೆಯಂಥ ಚೂರುಗಳು ರೆಸಿನ್ ಹರಿದ ದಿಕ್ಕಿಗೆ ತಿರುಗಿ ನಿಲ್ಲುತ್ತವೆ, ಅದಕ್ಕೇ ಕಡ್ಡಿ ಎಳೆದ ದಾರಿ ರೇಷ್ಮೆಯ ಹಾಗೆ ಹೊಳೆಯುವುದು. ಸುಳಿಗೆ ನನ್ನ ಮೊದಲ ಆಯ್ಕೆ ಇದೇ. ಆಲ್ಕೋಹಾಲ್ ಇಂಕ್, ಅಂದರೆ ಆಲ್ಕೋಹಾಲ್‌ನಲ್ಲಿ ಬೆರೆಸಿದ ಬಣ್ಣ, ತೆಳ್ಳಗಿರುತ್ತದೆ, ರೆಸಿನ್ನನ್ನೂ ತೆಳ್ಳಗೆ ಮಾಡುತ್ತದೆ, ಹೊಗೆಯಂತೆ ಹರಡುತ್ತದೆ, ಬಿಗಿಯಾದ ಗೆರೆ ಬೇಕೆಂದರೆ ಅದು ಬೇಡ. ಒಂದೇ ಅಚ್ಚಿನಲ್ಲಿ ಒಂದು ಬಣ್ಣ ಪೌಡರ್, ಇನ್ನೊಂದು ಇಂಕ್ ಎಂದು ಹಾಕಿದರೆ ಒಂದು ದಪ್ಪ ಒಂದು ತೆಳು ಆಗಿ ತೆಳ್ಳಗಿನದು ದಪ್ಪದರ ಮೇಲೆ ಸವಾರಿ ಮಾಡುತ್ತದೆ.

ರಂಗೋಲಿ ಬಣ್ಣ ಹಾಕಬಹುದಾ ಎಂದು ಕೇಳುವವರು ಬಹಳ. ಹಾಕಬಹುದು, ಆದರೆ ಅದು ಕಲ್ಲಿನ ಪುಡಿ, ತಳಕ್ಕೆ ಇಳಿದು ಮರಳು ಮರಳಾಗಿ ಕೂರುತ್ತದೆ. ಅದಕ್ಕಾಗಿ ರೆಸಿನ್ ವ್ಯರ್ಥ ಮಾಡುವುದು ಯಾಕೆ? ಅಕ್ರಿಲಿಕ್ ಪೇಂಟ್‌ನಲ್ಲಿ ನೀರಿದೆ. ಒಂದು ತೊಟ್ಟು ನಡೆಯುತ್ತದೆ, ಜಾಸ್ತಿಯಾದರೆ ರೆಸಿನ್ ಮಂಕಾಗುತ್ತದೆ, ಮೆತ್ತಗೆ ಉಳಿಯುತ್ತದೆ.

ಬಿಳಿಯ ವಿಷಯ ಒಂದು ಹೇಳಲೇಬೇಕು. ಬಿಳಿ ಪೇಸ್ಟ್‌ನಲ್ಲಿರುವ ಟೈಟೇನಿಯಂ ಡೈಆಕ್ಸೈಡ್ ನೀರಿಗಿಂತ ನಾಲ್ಕು ಪಟ್ಟು ಭಾರ. ರೆಸಿನ್ ನೀರಿಗಿಂತ ಚೂರೇ ಚೂರು ಜಾಸ್ತಿ. ತೆಳ್ಳಗಿರುವಾಗ ಸುರಿದರೆ ಬಿಳಿ ನಿಧಾನಕ್ಕೆ ಬೇರೆ ಬಣ್ಣದ ಅಡಿಗೆ ಇಳಿಯುತ್ತದೆ, ರಾತ್ರಿ ನೋಡಿದ ಬಿಳಿ ಗೆರೆ ಬೆಳಿಗ್ಗೆ ಇರುವುದಿಲ್ಲ. ಎಲ್ಲಿ ಹೋಯಿತು ಎಂದು ಹುಡುಕಿದರೆ ತಳದಲ್ಲಿ ಸಿಗುತ್ತದೆ. ಅದಕ್ಕೇ ಬಿಳಿಯನ್ನು ಎಲ್ಲಕ್ಕಿಂತ ಕೊನೆಗೆ, ದಪ್ಪ ಹದದಲ್ಲಿ ಸುರಿಯಿರಿ. ಜೊತೆಗೆ, ಹಳೆಯ ಹಾರ್ಡನರ್ ಹಳದಿಗೆ ತಿರುಗಿರುತ್ತದೆ. ಅದು ಕಡು ಬಣ್ಣಕ್ಕೆ ನಡೆಯುತ್ತದೆ, ಬಿಳಿಗೆ ಹಾಕಿದರೆ ಕೆನೆ ಬಣ್ಣ ಬರುತ್ತದೆ.

ಎಷ್ಟು ಬೇಕು?

ಅಚ್ಚನ್ನು ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ, ನೀರು ತುಂಬಿ ತೂಕ ನೋಡಿ. 10 ಸೆಂಟಿಮೀಟರ್ ಅಗಲ, 8 ಮಿಲಿಮೀಟರ್ ಆಳದ ದುಂಡು ಕೋಸ್ಟರ್‌ಗೆ ಸುಮಾರು 63 ಗ್ರಾಂ ನೀರು ಹಿಡಿಯುತ್ತದೆ. ರೆಸಿನ್ ನೀರಿಗಿಂತ ಚೂರು ಭಾರ, ಹಾಗಾಗಿ ಅದನ್ನು 1.1ರಿಂದ ಗುಣಿಸಿದರೆ 69 ಗ್ರಾಂ ರೆಸಿನ್. ನಾಲ್ಕು ಕಪ್‌ಗೆ ಅಂಟಿಕೊಂಡು ಹೋಗುವುದಕ್ಕೆ ಸ್ವಲ್ಪ ಸೇರಿಸಿ 75 ಗ್ರಾಂ ಎಂದಿಟ್ಟುಕೊಳ್ಳಿ. ಆಮೇಲೆ ಅಚ್ಚನ್ನು ಒರೆಸಿ ಪೂರ್ತಿ ಒಣಗಿಸಿ, ಒಂದು ಹನಿ ನೀರೂ ಉಳಿಯಬಾರದು. ಈ ಕೆಲಸ ಹಿಂದಿನ ದಿನವೇ ಆಗಿಬಿಟ್ಟರೆ ಒಳ್ಳೆಯದು.

ಬಾಟಲಿ ಮೇಲಿನ ಅಳತೆಯನ್ನು ಸರಿಯಾಗಿ ಓದಿ. 2:1 ಎಂದಿದ್ದರೆ ಅದು ತೂಕದಲ್ಲಾ, ಅಳತೆ ಕಪ್ಪಿನಲ್ಲಾ? ರೆಸಿನ್ ಭಾರ, ಹಾರ್ಡನರ್ ಹಗುರ, ಹಾಗಾಗಿ ಎರಡೂ ಒಂದೇ ಅಲ್ಲ. ತೂಕದಲ್ಲಿ 2:1 ಎಂದಿದ್ದರೆ 75 ಗ್ರಾಂಗೆ 50 ಗ್ರಾಂ ರೆಸಿನ್, 25 ಗ್ರಾಂ ಹಾರ್ಡನರ್. ಬೇಗ ಗಟ್ಟಿಯಾಗಲಿ ಎಂದು ಹಾರ್ಡನರ್ ಜಾಸ್ತಿ ಸುರಿಯುವ ಚಾಳಿ ಕೆಲವರಿಗಿದೆ. ಅದರಿಂದ ಬೇಗ ಆಗುವುದಿಲ್ಲ, ಅಂಟಂಟಾಗಿಯೇ ಉಳಿಯುತ್ತದೆ.

ಕಲಸುವುದು, ಹಂಚುವುದು

ಎಲ್ಲ ರೆಸಿನ್ ಮತ್ತು ಹಾರ್ಡನರ್ ಅನ್ನು ಒಂದೇ ಕಪ್‌ನಲ್ಲಿ ಒಟ್ಟಿಗೆ ಕಲಸಿ, ಆಮೇಲೆ ಬಣ್ಣಕ್ಕೆ ಹಂಚಿ. ಪ್ರತಿ ಬಣ್ಣಕ್ಕೆ ಬೇರೆ ಬೇರೆ ಕಲಸಿದರೆ ಒಂದು ಐದು ನಿಮಿಷ ಮುಂದೆ, ಇನ್ನೊಂದು ಐದು ನಿಮಿಷ ಹಿಂದೆ, ಹದ ಕೂಡಿಬರುವುದೇ ಇಲ್ಲ. ಮೂರು ನಿಮಿಷ ನಿಧಾನಕ್ಕೆ ಕಲಸಿ, ಬದಿ ಮತ್ತು ತಳ ಕೆರೆಯುತ್ತಾ ಕಲಸಿ, ಗಾಳಿ ತುಂಬುವ ಹಾಗೆ ಕಡೆಯಬೇಡಿ. ಆಮೇಲೆ ಇನ್ನೊಂದು ಸ್ವಚ್ಛ ಕಪ್‌ಗೆ ಸುರಿದು ಮತ್ತೆ ಒಂದು ನಿಮಿಷ. ಈ ಎರಡನೇ ಕಪ್ ಸುಮ್ನೆ ಶಾಸ್ತ್ರಕ್ಕಲ್ಲ. ಮೊದಲ ಕಪ್‌ನ ಗೋಡೆಗೆ ಅಂಟಿದ, ಸರಿಯಾಗಿ ಕಲಸದ ರೆಸಿನ್ ಅಲ್ಲೇ ಉಳಿಯಲಿ ಎಂದು.

ಈಗ ಹಂಚಿ: ಕಡುನೀಲಿಗೆ 25 ಗ್ರಾಂ, ನವಿಲು ಹಸಿರಿಗೆ 20, ಬಿಳಿಗೆ 20, ಚಿನ್ನಕ್ಕೆ 10. ಎಲ್ಲ ಬಣ್ಣವೂ ಸಮಸಮ ಹಾಕಬೇಡಿ, ಒಂದು ಬಣ್ಣ ಮನೆಯ ಯಜಮಾನನ ಥರ ಎದ್ದು ಕಾಣಲಿ. ಪೌಡರ್ ಎಷ್ಟು? ರೆಸಿನ್ ತೂಕದ ನೂರಕ್ಕೆ ಎರಡು ಪಾಲು ಸಾಕು, 20 ಗ್ರಾಂಗೆ ಅರ್ಧ ಗ್ರಾಂಗಿಂತ ಕಡಿಮೆ, ಅಂದರೆ ಐಸ್‌ಕ್ರೀಂ ಕಡ್ಡಿಯ ತುದಿಯಲ್ಲಿ ನಿಲ್ಲುವಷ್ಟು. ಯಾವ ಬಣ್ಣವಾದರೂ ನೂರಕ್ಕೆ ಐದು ದಾಟಿಸಬೇಡಿ. ಮೊದಲು ಸ್ವಲ್ಪವೇ ರೆಸಿನ್‌ನಲ್ಲಿ ಪೌಡರ್ ತಿಕ್ಕಿ ಗಂಟು ಒಡೆದು, ಆಮೇಲೆ ಉಳಿದದ್ದಕ್ಕೆ ಸೇರಿಸಿ.

ಕಾಯುವುದು: ಅರ್ಧ ಕೆಲಸ ಇದೇ

ಬಣ್ಣ ಹಾಕಿ ಮುಗಿದ ತಕ್ಷಣ ಕೈ ತುರಿಸುತ್ತದೆ, ಸುರಿದುಬಿಡೋಣ ಎನಿಸುತ್ತದೆ. ಬೇಡ. ಕಪ್‌ಗಳನ್ನು ಸಾಲಾಗಿ ಇಟ್ಟು ಕಡ್ಡಿ ಎತ್ತಿ ನೋಡಿ.

ಶುರುವಿನಲ್ಲಿ ಕಡ್ಡಿಯಿಂದ ರೆಸಿನ್ ತೊಟ್ಟು ತೊಟ್ಟಾಗಿ ಬೀಳುತ್ತದೆ, ಬಿದ್ದ ಜಾಗ ಗೊತ್ತೇ ಆಗುವುದಿಲ್ಲ. ಇನ್ನೂ ಹೊತ್ತಿದೆ. ಸ್ವಲ್ಪ ಹೊತ್ತಿಗೆ ಎಳೆ ಬರತೊಡಗುತ್ತದೆ, ಆದರೆ ಮೇಲೆ ಬಿದ್ದ ಎಳೆ ತಕ್ಷಣ ಮುಳುಗುತ್ತದೆ. ಇನ್ನೂ ಸ್ವಲ್ಪ ತಡೆಯಿರಿ. ಆಮೇಲೆ ಬರುತ್ತದೆ ನಮಗೆ ಬೇಕಾದ ಹದ, ಮೈಸೂರು ಪಾಕಿಗೆ ನೋಡುವ ಒಂದೆಳೆ ಪಾಕದ ಹಾಗೆ. ಕಡ್ಡಿಯಿಂದ ಇಳಿದ ಎಳೆ ತುಂಡಾಗದೆ ಇಳಿಯುತ್ತದೆ, ಬಿದ್ದಲ್ಲಿ ಒಂದು ಗೆರೆಯಾಗಿ ನಿಲ್ಲುತ್ತದೆ, ಮನಸ್ಸಿನಲ್ಲಿ ಒಂದು, ಎರಡು, ಮೂರು ಎಣಿಸುವಷ್ಟರಲ್ಲಿ ಮೆಲ್ಲಗೆ ಕರಗುತ್ತದೆ. ಈಗ ಸುರಿಯಿರಿ. ಎಳೆ ಕರಗದೆ ಗುಡ್ಡೆಯಾಗಿ ಕೂತರೆ ಹೊತ್ತು ಮೀರಿತು.

ಅಂಗೈಯಲ್ಲಿ ಕಪ್‌ನ ತಳ ಮುಟ್ಟಿ ನೋಡುವುದನ್ನೂ ರೂಢಿಸಿಕೊಳ್ಳಿ. ರೆಸಿನ್ ಗಟ್ಟಿಯಾಗುವಾಗ ತಾನೇ ಬಿಸಿ ಹುಟ್ಟಿಸುತ್ತದೆ, ಆ ಬಿಸಿ ಮತ್ತೆ ಅದನ್ನು ಬೇಗ ಗಟ್ಟಿ ಮಾಡುತ್ತದೆ. ತಳ ಬೆಚ್ಚಗಾದರೆ ಹದ ಹತ್ತಿರ ಬಂತು ಎಂದರ್ಥ. ಸುಡುತ್ತಿದ್ದರೆ ಒಂದೋ ಆ ಕ್ಷಣವೇ ಸುರಿಯಬೇಕು, ಇಲ್ಲಾ ಆಸೆ ಬಿಡಬೇಕು. ಹೊಗೆ ಬಂದರೆ ಗ್ಲೌಸ್ ಹಾಕಿದ ಕೈಯಲ್ಲಿ ಬಟ್ಟೆ ಹಿಡಿದು ಕಪ್ಪನ್ನು ಹೊರಗೆ ಬರಿ ನೆಲದ ಮೇಲಿಟ್ಟು ದೂರ ಬನ್ನಿ. ಎತ್ತರದ ಲೋಟದಲ್ಲಿ ಜಾಸ್ತಿ ರೆಸಿನ್ ಇಟ್ಟರೆ ಬಿಸಿ ಒಳಗೇ ಉಳಿದು ಹೀಗಾಗುತ್ತದೆ. ಅಗಲ ಬಾಯಿಯ ಕಪ್ ಎಂದದ್ದು ಇದಕ್ಕೇ. ಇನ್ನೊಂದು ಸೂಕ್ಷ್ಮ: 25 ಗ್ರಾಂ ಇರುವ ನೀಲಿ ಕಪ್ 10 ಗ್ರಾಂನ ಚಿನ್ನದ ಕಪ್‌ಗಿಂತ ಬೇಗ ದಪ್ಪವಾಗುತ್ತದೆ. ಹಾಗಾಗಿ ಒಂದು ಕಪ್ ನೋಡಿ ಎಲ್ಲದಕ್ಕೂ ತೀರ್ಪು ಕೊಡಬೇಡಿ.

ಚಿತ್ರದುರ್ಗದವರಿಗೆ ಒಂದು ಮಾತು. ನಿಮ್ಮ ಗುಡ್ಡದ ಮೇಲೆ ಗಾಳಿ ಯಂತ್ರ ನಿಲ್ಲಿಸಿರುವುದು ಸುಮ್ಮನೆ ಅಲ್ಲ. ಆಷಾಢದಲ್ಲಿ ಬೀಸುವ ಗಾಳಿಗೆ ಕಾಯುತ್ತಿರುವ ಕಪ್‌ಗಳ ಮೇಲೆ ಧೂಳು ಬಂದು ಕೂತುಬಿಡುತ್ತದೆ. ಗಾಳಿ ಬೀಸುವ ಕಡೆಯ ಕಿಟಕಿ ಮುಚ್ಚಿ, ಎದುರಿನದು ತೆರೆದಿಡಿ. ಫ್ಯಾನು ಬೇಡ.

ಸುರಿಯುವುದು

ಮೊದಲು ನಿಮ್ಮ ಅಚ್ಚಿನ ಮುಖ ಯಾವ ಕಡೆ ಎಂದು ತಿಳಿದುಕೊಳ್ಳಿ. ಸುತ್ತ ಅಂಚು ಎದ್ದಿರುವ ಕೋಸ್ಟರ್ ಅಥವಾ ಟ್ರೇ ಆದರೆ ಅಚ್ಚಿನ ತಳಕ್ಕೆ ತಾಗಿದ ಕಡೆಯೇ ಆಮೇಲೆ ಮುಖವಾಗುತ್ತದೆ. ನೀವು ಮೇಲೆ ಬರೆದ ಸುಳಿಯೆಲ್ಲ ಟೇಬಲ್‌ಗೆ ಮುಖಮಾಡಿ ಮಲಗುತ್ತದೆ! ಅಂಥ ಅಚ್ಚಿನಲ್ಲಿ ಕಡ್ಡಿ ತಳ ಮುಟ್ಟುವ ಹಾಗೆ ಎಳೆಯಬೇಕು, ತಳ ಗೀರಬಾರದು ಅಷ್ಟೆ. ಸಪಾಟಾದ ಕೋಸ್ಟರ್ ಆದರೆ ಮೇಲೆ ಕಾಣುವುದೇ ಮುಖ.

ಮೂರು ವಿಧಾನ ಹೇಳುತ್ತೇನೆ, ಮೊದಲನೆಯದನ್ನು ಕೈಗೆ ಹತ್ತಿಸಿಕೊಂಡು ಮುಂದೆ ಹೋಗಿ.

ಪಕ್ಕಪಕ್ಕ ಸುರಿದು ಎಳೆಯುವುದು. ನೀಲಿಯನ್ನು ಅಚ್ಚಿನ ಒಂದು ಬದಿಯಿಂದ ಅಗಲ ಪಟ್ಟಿಯಾಗಿ ಸುರಿಯಿರಿ, ಅದರ ಮಗ್ಗುಲಿಗೆ ಹಸಿರು, ಆಮೇಲೆ ಚಿನ್ನ, ಕೊನೆಗೆ ಉಳಿದ ಜಾಗಕ್ಕೆ ಬಿಳಿ. ಕಪ್ಪನ್ನು ಅಚ್ಚಿಗೆ ಹತ್ತಿರ ಹಿಡಿಯಿರಿ. ಎತ್ತರದಿಂದ ಬಿದ್ದರೆ ಕೆಳಗಿನ ಬಣ್ಣವನ್ನು ಕೊರೆದುಕೊಂಡು ಹೋಗುತ್ತದೆ. ಈಗ ಬಿದಿರು ಕಡ್ಡಿ ತೆಗೆದುಕೊಂಡು ಪಟ್ಟಿಗಳಿಗೆ ಅಡ್ಡಡ್ಡವಾಗಿ ಒಂದು ಹಾವಿನ ನಡಿಗೆ ಎಳೆಯಿರಿ, ಕಡ್ಡಿಯನ್ನು ಟಿಶ್ಯೂನಲ್ಲಿ ಒರೆಸಿ, ಎದುರು ದಿಕ್ಕಿನಿಂದ ಇನ್ನೊಂದು ಎಳೆಯಿರಿ, ಮತ್ತೆ ಒರೆಸಿ, ಬೇಕೆನಿಸಿದ ಕಡೆ ಒಂದು ಸಣ್ಣ ಸುತ್ತು. ಒರೆಸದಿದ್ದರೆ ಕಡ್ಡಿಗೆ ಅಂಟಿದ ನೀಲಿ ಬಿಳಿಯನ್ನೆಲ್ಲ ಮಂಕು ಮಾಡುತ್ತದೆ. ಮೂರು ನಾಲ್ಕು ಎಳೆತ, ಕಡ್ಡಿ ಕೆಳಗಿಡಿ. ಇನ್ನೊಂದೇ ಒಂದು ಎನಿಸುವುದು ಸಹಜ, ಆ ಇನ್ನೊಂದರಲ್ಲೇ ಕೆಡುವುದು. ರೆಸಿನ್ ಇನ್ನೂ ಹತ್ತು ಹದಿನೈದು ನಿಮಿಷ ತಾನಾಗಿ ಅಲ್ಪಸ್ವಲ್ಪ ಹರಿದು ಗೆರೆಗಳನ್ನು ನಯ ಮಾಡುತ್ತದೆ, ಅದಕ್ಕೂ ಸ್ವಲ್ಪ ಕೆಲಸ ಉಳಿಸಿ.

ಒಂದೇ ಕಪ್‌ನಿಂದ ಸುರಿಯುವುದು. ಖಾಲಿ ಕಪ್ಪನ್ನು ಓರೆ ಹಿಡಿದು ಬಣ್ಣಗಳನ್ನು ಒಂದರ ಮೇಲೊಂದು ಗೋಡೆಗುಂಟ ಇಳಿಸಿ. ಕಲಸಬೇಡಿ, ಬೇಕಾದರೆ ಕಡ್ಡಿಯಿಂದ ಒಂದೇ ಒಂದು ಸಲ ತಳದಿಂದ ಮೇಲಕ್ಕೆ ಎಳೆಯಿರಿ. ಆಮೇಲೆ ಅಚ್ಚಿನ ನಡುವೆ ಸಣ್ಣ ಧಾರೆಯಾಗಿ ಸುರಿಯುತ್ತಾ ಹೋದರೆ ಮರದ ಕಾಂಡದಲ್ಲಿ ಕಾಣುವಂಥ ಸುತ್ತು ಬರುತ್ತದೆ, ಕೈಯನ್ನು ಅತ್ತಿತ್ತ ಆಡಿಸುತ್ತಾ ಸುರಿದರೆ ಅಲೆ ಬರುತ್ತದೆ. ಇದರಲ್ಲಿ ನಮ್ಮ ಹಿಡಿತ ಕಡಿಮೆ, ಏನು ಬರುತ್ತದೋ ಅದೇ. ಒಂದೇ ಥರದ ಆರು ಕೋಸ್ಟರ್ ಬೇಕು ಎಂದು ಆರ್ಡರ್ ಬಂದಿದ್ದರೆ ಈ ವಿಧಾನ ಹಿಡಿಯಬೇಡಿ.

ಇಂಕ್ ತೊಟ್ಟಿಕ್ಕುವುದು. ಬಣ್ಣ ಹಾಕದ ರೆಸಿನ್ನನ್ನು ಅಚ್ಚಿಗೆ ತುಂಬಿ, ತೆಳ್ಳಗಿರುವಾಗಲೇ ಮೇಲೆ ಒಂದು ತೊಟ್ಟು ಆಲ್ಕೋಹಾಲ್ ಇಂಕ್, ಅದರ ಮೇಲೆಯೇ ಒಂದು ತೊಟ್ಟು ಬಿಳಿ ಇಂಕ್ ಹಾಕಿ. ಭಾರದ ಬಿಳಿ ಬಣ್ಣವನ್ನು ಎಳೆದುಕೊಂಡು ಕೆಳಗಿಳಿಯುತ್ತದೆ, ಬೇರು ಬಿಟ್ಟ ಹಾಗೆ ಕಾಣುತ್ತದೆ. ಮೇಲೆ ಹೇಳಿದ ಬಿಳಿಯ ತೊಂದರೆಯೇ ಇಲ್ಲಿ ಉಪಕಾರ. ಇಂಕ್ ಬೆಂಕಿಗೆ ಹತ್ತಿಕೊಳ್ಳುತ್ತದೆ, ಹಾಗಾಗಿ ಇದಾದ ಮೇಲೆ ಲೈಟರ್ ಹತ್ತಿರ ತರಬೇಡಿ.

ದಪ್ಪ ಅಚ್ಚು ಬೇರೆ ಕತೆ

ಪೆನ್ ಸ್ಟ್ಯಾಂಡ್, ಬಾಗಿಲ ಹಿಡಿಕೆ, ಪೇಪರ್ ವೆಯ್ಟ್‌ನಂಥ ದಪ್ಪ ಅಚ್ಚಿನಲ್ಲಿ ಕಡ್ಡಿ ಎಳೆದು ಕೈತೊಳೆದುಕೊಂಡರೆ ಮುಗಿಯುವುದಿಲ್ಲ. ನಡುಭಾಗ ಬಿಸಿಯಾಗಿ ಮೇಲೇಳುತ್ತದೆ, ಬದಿಯದು ಕೆಳಗಿಳಿಯುತ್ತದೆ, ಮೈಕಾ ಆ ಹರಿವಿನ ಜೊತೆ ತಿರುಗುತ್ತಲೇ ಇರುತ್ತದೆ. ಸುರಿದಾಗ ಇದ್ದ ಸುಳಿ ಒಂದು ಗಂಟೆಯ ನಂತರ ಬೇರೆಯೇ ಆಗಿರುತ್ತದೆ. ಇದಕ್ಕೆ ಹದವನ್ನು ಇನ್ನೂ ಸ್ವಲ್ಪ ದಪ್ಪಕ್ಕೆ ಬಿಡಬೇಕು, ಎರಡು ಕಪ್ಪನ್ನು ಎರಡು ಕೈಯಲ್ಲಿ ಹಿಡಿದು ಎದುರುಬದುರು ಬದಿಯಿಂದ ಒಟ್ಟಿಗೆ ಸುರಿಯಬೇಕು. ಗುಳ್ಳೆ ಒಂದೆರಡು ಉಳಿಯುತ್ತವೆ, ಒಪ್ಪಿಕೊಳ್ಳಿ. ಆಳದ ಅಚ್ಚಿಗೆಂದೇ ಮಾಡಿದ ನಿಧಾನದ ರೆಸಿನ್ ಆದರೆ ಹದ ಬರುವುದಕ್ಕೆ ಗಂಟೆಗಟ್ಟಲೆ ಬೇಕು. ಆಗ ಮೊದಲೇ ಸುರಿದಿಟ್ಟು, ಆಗಾಗ ಬಂದು ನೋಡುತ್ತಾ, ಅಚ್ಚಿನೊಳಗೇ ದಪ್ಪವಾದ ಮೇಲೆ ಕಡ್ಡಿ ಆಡಿಸುವುದು ಸುಲಭ.

ಎರಡು ಪದರವಾಗಿ ಸುರಿಯುವುದಾದರೆ ಮೊದಲ ಪದರ ಬೆರಳಿಗೆ ಅಂಟಿದಂತಾಗಿ ಗುರುತು ಮಾತ್ರ ಬಿಡುವ ಹೊತ್ತಿಗೆ ಎರಡನೆಯದನ್ನು ಸುರಿಯಿರಿ. ಪೂರ್ತಿ ಗಟ್ಟಿಯಾಗಿಬಿಟ್ಟಿದ್ದರೆ ಉಪ್ಪುಕಾಗದದಿಂದ ತಿಕ್ಕಿ, ಒರೆಸಿ, ಆಮೇಲೆ ಸುರಿಯಬೇಕು. ಒಣದಾಗಿ ತಿಕ್ಕಿದರೆ ಪುಡಿ ಮೂಗಿಗೆ ಹೋಗುತ್ತದೆ, ನೀರು ಹಾಕಿ ತಿಕ್ಕಿ.

ಯುವಿ ಲೈಟಿಗೆ ಹಿಡಿದರೆ ಗಟ್ಟಿಯಾಗುವ ಯುವಿ ರೆಸಿನ್‌ನಲ್ಲಿ ಕಾಯುವ ಆಟವೇ ಇಲ್ಲ, ತೆಳು ತೆಳು ಪದರದಲ್ಲಿ ಸುಳಿ ಬರೆದು ತಕ್ಷಣ ಲೈಟಿಗೆ ಹಿಡಿದು ನಿಲ್ಲಿಸಿಬಿಡಬಹುದು. ಕಿವಿಯೋಲೆ, ಪೆಂಡೆಂಟ್‌ಗೆ ಅದೇ ಸರಿ. ಗಾಢ ಬಣ್ಣದೊಳಗೆ ಬೆಳಕು ಇಳಿಯುವುದಿಲ್ಲ ಎನ್ನುವುದು ಮಾತ್ರ ನೆನಪಿರಲಿ.

ಗುಳ್ಳೆ ಮತ್ತು ಮುಚ್ಚಳ

ಬಿಸಿ ಗಾಳಿ ಊದುವ ಹೀಟ್ ಗನ್ ಗುಳ್ಳೆಯನ್ನೂ ಒಡೆಯುತ್ತದೆ, ಸುಳಿಯನ್ನೂ ತಳ್ಳುತ್ತದೆ. ಒಂದು ಗೇಣು ದೂರದಿಂದ, ಕಡಿಮೆ ಗಾಳಿಯಲ್ಲಿ, ಒಂದೇ ಕಡೆ ನಿಲ್ಲಿಸದೆ ಸರ್ರನೆ ಹಾಯಿಸಿ. ಗ್ಯಾಸ್ ಲೈಟರ್ ಉರಿ ಸಿಲಿಕೋನ್ ಅಂಚಿಗೆ ತಾಗಿದರೆ ಅಚ್ಚಿನ ಹೊಳಪು ಹೋಗುತ್ತದೆ, ಮುಂದೆ ಆ ಅಚ್ಚಿನಿಂದ ಬಂದದ್ದೆಲ್ಲ ಮಂಕು. ಐದಾರು ಗುಳ್ಳೆ ಅಷ್ಟೇ ಇದ್ದರೆ ಟೂತ್‌ಪಿಕ್ ತುದಿಯಲ್ಲಿ ಚುಚ್ಚಿ ಒಡೆದರೆ ಸಾಕು.

ಮೇಲೊಂದು ರಟ್ಟಿನ ಡಬ್ಬಿ ಕವುಚಿ, 24 ಗಂಟೆ ಮುಟ್ಟಬೇಡಿ. ಮೂರು ಗಂಟೆಗೊಮ್ಮೆ ಎತ್ತಿ ನೋಡುವುದು, ಬೆರಳಿಟ್ಟು ನೋಡುವುದು ಬೇಡ, ಬೆರಳ ಗುರುತು ಹಾಗೇ ಉಳಿಯುತ್ತದೆ. ಅಚ್ಚಿನಿಂದ ಬಿಡಿಸಿದ ಮೇಲೂ ಪೂರ್ತಿ ಗಟ್ಟಿಯಾಗಲು ಮೂರರಿಂದ ಏಳು ದಿನ ಬೇಕು, ಅಲ್ಲಿಯವರೆಗೆ ಸಪಾಟಾದ ಜಾಗದಲ್ಲಿ ಮಲಗಿಸಿಡಿ, ಇಲ್ಲದಿದ್ದರೆ ಬಾಗುತ್ತದೆ. ಮಳೆಗಾಲದಲ್ಲಿ ಮೇಲೆ ಜಿಡ್ಡಿನಂಥ ಪದರ ಕಂಡರೆ ಹೆದರಬೇಡಿ, ತೇವಕ್ಕೆ ಹಾಗಾಗುತ್ತದೆ, ಸೋಪು ನೀರಿನಲ್ಲಿ ಒರೆಸಿದರೆ ಹೋಗುತ್ತದೆ.

ಮಾರುವವರು ಗಿರಾಕಿಗೆ ಒಂದು ಮಾತು ಹೇಳಿ ಕೊಡಿ. ಸಾಮಾನ್ಯ ಎಪಾಕ್ಸಿ 50–60 ಡಿಗ್ರಿ ಬಿಸಿಗೇ ಮೆತ್ತಗಾಗತೊಡಗುತ್ತದೆ. ಒಲೆಯಿಂದ ಇಳಿಸಿದ ಚಹಾ ಪಾತ್ರೆ ಇಟ್ಟರೆ ಗುರುತು ಬೀಳುತ್ತದೆ, ಬಿಸಿ ಮಿರ್ಚಿಯನ್ನು ಟ್ರೇ ಮೇಲೆ ನೇರವಾಗಿ ಸುರಿಯುವುದಂತೂ ಬೇಡವೇ ಬೇಡ, ಎಣ್ಣೆಯೂ ಬಿಸಿಯೂ ಎರಡೂ ಸೇರಿರುತ್ತವೆ.

ಸರಿ ಬರಲಿಲ್ಲವೆಂದರೆ

ಬಿಡಿಸಿದ ತುಂಡನ್ನು ಕಿಟಕಿ ಬೆಳಕಿಗೆ ಹಿಡಿದು ಓದಿ. ಬಣ್ಣದ ಅಂಚುಗಳೆಲ್ಲ ಮಸುಕಾಗಿ ಒಂದಾಗಿದ್ದರೆ ಬೇಗ ಸುರಿದಿದ್ದೀರಿ, ಮುಂದಿನ ಸಲ ಎಳೆ ನಿಲ್ಲುವವರೆಗೆ ಕಾಯಿರಿ. ಅಂಚುಗಳು ಸ್ಪಷ್ಟವಾಗಿವೆ, ಆದರೆ ಎಲ್ಲೆಲ್ಲೂ ಸಣ್ಣ ಸಣ್ಣ ಚೂರಾಗಿ ದೂರದಿಂದ ಕೆಸರಾಗಿ ಕಂಡರೆ ಕಡ್ಡಿ ಜಾಸ್ತಿ ಆಡಿಸಿದ್ದೀರಿ, ಅದು ಬೇರೆ ರೋಗ. ಬಿಳಿ ಕಾಣೆಯಾಗಿದ್ದರೆ ತುಂಡನ್ನು ತಿರುಗಿಸಿ ನೋಡಿ. ಕೆಲವೊಮ್ಮೆ ಆ ಹಿಂಭಾಗವೇ ಮುಂಭಾಗಕ್ಕಿಂತ ಚೆನ್ನಾಗಿರುತ್ತದೆ, ಅದನ್ನೇ ಮುಖ ಮಾಡಿಕೊಂಡರೆ ಕೇಳುವವರು ಯಾರು?

ಎಲ್ಲ ಗಟ್ಟಿಯಾಗಿ, ಒಂದೇ ಬಣ್ಣದ ಗೆರೆ ಮಾತ್ರ ಅಂಟಂಟಾಗಿ ಉಳಿದಿದ್ದರೆ? ಆ ಕಪ್‌ನ ತಳವನ್ನು ಕಡೆಯ ಹನಿಯವರೆಗೆ ಕೆರೆದು ಸುರಿದಿರುತ್ತೀರಿ. ಸರಿಯಾಗಿ ಕಲಸದ ರೆಸಿನ್ ಉಳಿಯುವುದೇ ಕಪ್‌ನ ಗೋಡೆ ಮತ್ತು ತಳದಲ್ಲಿ. ರೆಸಿನ್ ದುಬಾರಿ, ಕೆರೆಯಬೇಕು ಎನಿಸುತ್ತದೆ ನಿಜ, ಆದರೆ ಆ ಕೊನೆಯ ಎರಡು ಗ್ರಾಂ ಇಡೀ ಕೋಸ್ಟರ್ ಕೆಡಿಸುತ್ತದೆ. ಬಣ್ಣ ಮಿತಿಮೀರಿ ಹಾಕಿದ್ದರೂ ಹೀಗಾಗುತ್ತದೆ.

ಕಪ್‌ಗಳಲ್ಲಿ ಉಳಿದದ್ದನ್ನು ಮೋರಿಗೆ ಸುರಿಯಬೇಡಿ, ಪೈಪಿನಲ್ಲೇ ಕಲ್ಲಾಗುತ್ತದೆ. ಸುರಿಯುವಷ್ಟು ಉಳಿದಿದ್ದರೆ ಪಕ್ಕದಲ್ಲಿ ಕೀಚೈನ್ ಅಚ್ಚು ತಯಾರಿಟ್ಟುಕೊಂಡು ಅದಕ್ಕೆ ಇಳಿಸಿ. ಕಪ್‌ನ ಗೋಡೆಗೆ ಅಂಟಿದ್ದನ್ನು ಒರೆಸಲು ಹೋಗದೆ ಹಾಗೇ ಗಟ್ಟಿಯಾಗಲು ಬಿಡಿ. ಮಾರನೇ ದಿನ ಮೆತ್ತನೆಯ ಪ್ಲಾಸ್ಟಿಕ್ ಕಪ್ಪನ್ನು ಹೊರಗಿನಿಂದ ಹಿಸುಕಿದರೆ ಸಿಪ್ಪೆಯ ಹಾಗೆ ಬಿಟ್ಟುಕೊಳ್ಳುತ್ತದೆ, ಕಪ್ ಮತ್ತೆ ಬಳಕೆಗೆ ಬರುತ್ತದೆ.